ಹತ್ತರಲ್ಲಿ ಮೂರು ಪದ

"ಬಲಗೈಯವನೊಬ್ಬನನ್ನ ನಾನು ಎಲ್ಲಿಂದ ತರ್ಲಿ?"

ಲಯನೆಲ್ ಟೆಟ್ರೋ ಇದನ್ನು ಯಾರನ್ನೂ ಕೇಳಿದ್ದಲ್ಲ. ಕೋಣೆಯಲ್ಲಿದ್ದ ಮೂವರಿಗೂ ಬೆನ್ನು ಹಾಕಿ ಗೋಡೆಯ ಬಿಳಿ ಹಲಗೆಗೆ ಮುಖ ಕೊಟ್ಟು ನಿಂತಿದ್ದ. ಬಾಯಲ್ಲಿ ಸೂರ್ಯಕಾಂತಿ ಬೀಜ, ಸಿಪ್ಪೆ ಉಗಿಯಲು ಕೈಯಲ್ಲೊಂದು ಕಾಗದದ ಲೋಟ. ಹಾರ್ಲನ್ ಕ್ರೇನ್ಸ್ ಐಸ್ ಹಾಕಿ ತಂಡದ ಮ್ಯಾನೇಜರ್ ಆಗಿ ಅವನಿಗಿದು ಐದನೆಯ ಬೇಸಿಗೆ. ಬರುವ ಚಳಿಗಾಲವೂ ತಂಡ ಮುಗ್ಗರಿಸಿದರೆ ಆರನೆಯದು ಇರುವುದಿಲ್ಲ ಎಂದು ಮಾಲೀಕರು ಬಾಯಿಬಿಟ್ಟೇ ಹೇಳಿದ್ದರು.

ಹಲಗೆಯ ಮೇಲೆ ಡಿಫೆನ್ಸ್ ಆಡುವವರ ಹೆಸರಿನ ಅಯಸ್ಕಾಂತದ ಪಟ್ಟಿಗಳು ಎರಡು ಸಾಲಾಗಿ ಅಂಟಿದ್ದವು. ಕೋಲನ್ನು ಎಡಕ್ಕೆ ಹಿಡಿಯುವವರ ಸಾಲಿನಲ್ಲಿ ಐದು ಹೆಸರು. ಬಲಕ್ಕೆ ಹಿಡಿಯುವವರ ಸಾಲಿನಲ್ಲಿ ಒಂದೇ ಒಂದು, ಅದೂ ಮಂಡಿ ಕೊಯ್ಯಿಸಿಕೊಂಡು ಮಲಗಿದವನದು. ಬಲಗೈ ಡಿಫೆನ್ಸ್‌ನವರಿಗೆ ಈ ಆಟದಲ್ಲಿ ಯಾವತ್ತೂ ಬರವೇ. ಬಲಗಡೆಯ ಮೂಲೆಯಲ್ಲಿ ಪಕ್, ಅಂದರೆ ಆಟದ ರಬ್ಬರ್ ಬಿಲ್ಲೆ, ಅಂಗಳದ ಸುತ್ತಲಿನ ಹಲಗೆಗೆ ಬಡಿದು ಬಂದಾಗ ಎಡಗೈಯವನು ಮೈಯನ್ನೇ ತಿರುಗಿಸಬೇಕು. ಅಷ್ಟರಲ್ಲಿ ಎದುರಾಳಿ ಬಂದು ಅಪ್ಪಳಿಸಿರುತ್ತಾನೆ. ಹೋದ ಚಳಿಗಾಲ ಕ್ರೇನ್ಸ್ ತಿಂದ ಗೋಲುಗಳಲ್ಲಿ ಅರ್ಧಕ್ಕರ್ಧ ಆ ಮೂಲೆಯಲ್ಲೇ ಹುಟ್ಟಿದವು.

"ಎಲ್ಲಿಂದ ತರ್ಲಿ ಅಂದ್ರೆ?" ಡಿಫೆನ್ಸ್‌ನವರಿಗೆ ತರಬೇತಿ ಕೊಡುವ ವಿಕ್ ಹಾಲ್ವೋರ್ಸನ್ ಮೇಜಿನ ಮೇಲೆ ಕಾಲು ಚಾಚಿ ಹೇಳಿದ. "ಹತ್ತು ಗಂಟೆಗೆ ಸಂತೆ ತೆರೆಯುತ್ತೆ, ಹೋಗಿ ತಗೊಂಡು ಬಾ. ಹೆಂಡ್ತಿ ತರಕಾರಿಗೆ ಕಳಿಸಿದ್ರೂ ಹೀಗೇ ಅಂಗಡಿ ಮುಂದೆ ನಿಂತು ಅಳ್ತೀಯಾ?"

"ನನ್ನ ಹೆಂಡ್ತಿ ನನ್ನನ್ನ ಅಂಗಡಿಗೆ ಕಳಿಸೋದು ಬಿಟ್ಟು ಕಾಲ ಆಯ್ತು. ಹೋದ ಜುಲೈನಲ್ಲಿ ನಾನು ಎಂಥ ಮಾಲು ತಂದೆ ಅಂತ ಅವಳಿಗೂ ಗೊತ್ತು, ಪೇಪರಿನವರಿಗೂ ಗೊತ್ತು."

ಅಂದು ಜುಲೈ ಒಂದು. ಪೂರ್ವದ ಊರುಗಳಲ್ಲಿ ಮಧ್ಯಾಹ್ನ ಹನ್ನೆರಡಾದಾಗ ಇಲ್ಲಿ, ಈ ಗೋಧಿಯ ಬಯಲಿನಲ್ಲಿ, ಹತ್ತು. ಆ ಗಳಿಗೆಗೆ ಕರಾರು ಮುಗಿದ ಆಟಗಾರರೆಲ್ಲ ಸ್ವತಂತ್ರರಾಗುತ್ತಾರೆ. ಯಾವ ತಂಡ ಬೇಕಾದರೂ ಅವರನ್ನು ಕರೆಯಬಹುದು. ಮೊದಲ ಒಂದು ಗಂಟೆಯೊಳಗೆ ಕಾಳೆಲ್ಲ ಹೋಗಿ ಹೊಟ್ಟು ಉಳಿಯುತ್ತದೆ. ಗೋಡೆಯ ಗಡಿಯಾರ ಒಂಬತ್ತಕ್ಕೆ ಐದು ನಿಮಿಷ ಬಾಕಿ ತೋರಿಸುತ್ತಿತ್ತು. ಕೆಳಗೆ ವಾಹನ ನಿಲ್ಲಿಸುವ ಅಂಗಳದಲ್ಲಿ ಅಂದಿನ ರಾಷ್ಟ್ರೀಯ ಹಬ್ಬಕ್ಕೆಂದು ಪ್ಯಾನ್‌ಕೇಕ್ ದೋಸೆ ಹೊಯ್ಯುತ್ತಿದ್ದರು. ಬೆಣ್ಣೆ ಮತ್ತು ಮೇಪಲ್ ಪಾಕದ ವಾಸನೆ, ಶಾಲೆಯ ಬ್ಯಾಂಡಿನವರ ಅಪಸ್ವರ, ಎರಡೂ ಕಿಟಕಿಯಿಂದ ಒಳಗೆ ಬರುತ್ತಿದ್ದವು.

ಆ ಕಿಟಕಿಯ ಪಕ್ಕ ನೆಸ್ಟರ್ ಪಿಡ್ಲುಬ್ನಿ ಕೂತಿದ್ದ. ಅರವತ್ತಮೂರು ವರ್ಷ. ಊರೂರು ತಿರುಗಿ ಬೇರೆ ತಂಡಗಳ ಆಟಗಾರರನ್ನು ನೋಡಿ, ಯಾರು ಹೇಗೆಂದು ವರದಿ ಒಪ್ಪಿಸುವುದು ಇಪ್ಪತ್ತೆರಡು ವರ್ಷಗಳಿಂದ ಅವನ ಕಾಯಕ. ಮಾತು ಕಡಿಮೆ. ಭಾನುವಾರ ಉಕ್ರೇನಿಯನ್ ಚರ್ಚಿನಲ್ಲಿ ಕೀರ್ತನೆಗಳನ್ನು ಬಾಯಿಪಾಠವಾಗಿ ಹೇಳುವಾಗ ಮಾತ್ರ ಅವನ ದನಿ ತೆರೆದುಕೊಳ್ಳುತ್ತಿತ್ತು. ಉಳಿದ ಆರು ದಿನ ಕೇಳುವುದೇ ಅವನ ಪಾಲು. ಎಲ್ಲರೂ ಕೂಗಾಡಿ ದಣಿದ ಮೇಲೆ ಲಯನೆಲ್ ಕೊನೆಗೆ ಅವನ ಕಡೆ ತಿರುಗಿ "ನೀನೇನಂತೀಯಾ?" ಎಂದು ಕೇಳುವುದು, ಅವನು ಎರಡು ಮಾತು ಹೇಳುವುದು, ಆ ಎರಡು ಮಾತಿನ ಮೇಲೆ ತೀರ್ಮಾನವಾಗುವುದು ಅಲ್ಲಿಯ ರೂಢಿ.

ಇಂದು ಆ ಪ್ರಶ್ನೆ ತನ್ನ ಕಡೆ ಬಾರದಿರಲಿ ಎಂದು ಅವನು ಒಳಗೊಳಗೇ ಬೇಡಿಕೊಳ್ಳುತ್ತಿದ್ದ. ಯಾಕೆಂದರೆ ಹಲಗೆಯ ಅಂಚಿನಲ್ಲಿ, ಸಾಲಿಗೆ ಸೇರಲು ಕಾದಿದ್ದ ಮೂರು ಪಟ್ಟಿಗಳಲ್ಲಿ ಕೊನೆಯದು ಅವನ ಮಗ ಬೋಡಿಯದು.

"ಕೊರ್ಪೆಲಾನಿಂದ ಶುರು ಮಾಡೋಣ," ಎಂದಳು ಡೆನೀಸ್. ಲೆಕ್ಕಾಚಾರ, ಅಂಕಿಅಂಶ, ಕರಾರಿನ ಕಾಗದಗಳೆಲ್ಲ ಅವಳ ಕೈಯಲ್ಲಿ. ವಯಸ್ಸು ಮೂವತ್ತು ದಾಟಿರಲಿಲ್ಲ. ಕೋಣೆಯಲ್ಲಿ ಯಾರಿಗೂ ಹೆದರುತ್ತಿರಲಿಲ್ಲ. "ಇಪ್ಪತ್ತೇಳು ವರ್ಷ. ಪಕ್ ಸಿಕ್ಕಿದ ಮೇಲೆ ಕಳಕೊಳ್ಳೋದು ಅಪರೂಪ. ಬಂದ್ರೆ ನಮ್ಮ ಕಷ್ಟವೆಲ್ಲ ತೀರಿತು. ಆದ್ರೆ ಏಳು ವರ್ಷದ ಕರಾರು ಕೇಳ್ತಾನೆ, ಮತ್ತೆ ಅವನ ಹೆಂಡ್ತಿಗೆ ಸಮುದ್ರದ ಊರು ಬೇಕಂತೆ."

"ನಮ್ಮಲ್ಲೂ ಸಮುದ್ರ ಇದೆ ಅನ್ನು. ಗೋಧಿದು," ಎಂದ ವಿಕ್.

"ಫೋನಲ್ಲಿ ಇದನ್ನೇ ಹೇಳು ವಿಕ್, ಓಡೋಡಿ ಬರ್ತಾರೆ." ಲಯನೆಲ್ ಸಿಪ್ಪೆ ಉಗಿದ. "ಎರಡನೇದು?"

"ಡೆಲ್ ಕ್ವಿಲ್ಟಿ. ಮೂವತ್ತೊಂದು. ಹಲಗೆ ಹತ್ರ ಗಟ್ಟಿ ಆಳು."

"ಗಟ್ಟಿ ಆಳೇ, ಆದ್ರೆ ಐಸ್ ಮೇಲೆ ನಿಂತದ್ದಕ್ಕಿಂತ ತಪ್ಪಾಡಿದವರನ್ನ ಕೂರಿಸೋ ಶಿಕ್ಷೆ ಪೆಟ್ಟಿಗೆಲಿ ಕೂತಿದ್ದೇ ಜಾಸ್ತಿ," ಎಂದ ವಿಕ್. "ಅವನಿಗೆ ಅಲ್ಲೇ ಒಂದು ಮಂಚ, ಒಂದು ಒಲೆ ಹಾಕಿಕೊಟ್ರೆ ಸಂಸಾರ ಮಾಡ್ತಾನೆ. ಕೇಳಿಲ್ಲಿ, ಸುತ್ತಿ ಬಳಸೋದು ಯಾಕೆ? ಬೋಡಿ ಇದಾನಲ್ಲ. ನಮ್ಮೂರ ಹುಡುಗ. ಒಂದೇ ವರ್ಷದ ಕರಾರು ಸಾಕು ಅಂತಾನೆ. ಆ ಮೂಲೆಲಿ ಹದಿನಾಲ್ಕು ವರ್ಷ ಹೊಡೆತ ತಿಂದು ತಿಂದು ಹದವಾಗಿರೋ ಮೈ."

ಡೆನೀಸ್ ತುಸು ತಡೆದು ಕೇಳಿದಳು: "ನೆಸ್ಟರ್ ಅವರೇ, ಇದು ಮುಗಿಯೋವರೆಗೆ ನೀವು ಹೊರಗೆ ಇರ್ತೀರಾ?"

ಅವನು ಏಳಲು ಹೊರಟದ್ದೇ ತಡ, ಲಯನೆಲ್ ತಿರುಗಿ ಕೈ ಅಡ್ಡ ಹಿಡಿದ. "ಕೂತ್ಕೊ. ಇಪ್ಪತ್ತೆರಡು ವರ್ಷದಲ್ಲಿ ಇವನು ನನಗಾಗ್ಲಿ ನನ್ನ ಹಿಂದಿನವರಿಗಾಗ್ಲಿ ಒಂದು ಸುಳ್ಳು ವರದಿ ಕೊಟ್ಟಿಲ್ಲ. ಹೋದ ಜುಲೈನಲ್ಲಿ ಇವನ ಮಾತು ಕೇಳಿದ್ದಿದ್ರೆ ನಾನಿವತ್ತು ದೋಸೆ ತಿಂತಾ ಇರ್ತಿದ್ದೆ. ಇಲ್ಲೇ ಇರ್ಲಿ."

ನೆಸ್ಟರ್ ಕೂತ. ಹೊರಗೆ ಕಳಿಸಿದ್ದರೆ ಬದುಕಿದೆ ಅಂದುಕೊಳ್ಳಬಹುದಿತ್ತು. ಆ ಬಾಗಿಲೂ ಮುಚ್ಚಿತು.

ಹಿಂದಿನ ದಿನ ಮಧ್ಯಾಹ್ನ ಬೋಡಿ ಫೋನ್ ಮಾಡಿದ್ದ. ಸಾವಿರ ಪಂದ್ಯಕ್ಕೆ ಅವನಿಗೆ ಇನ್ನು ಹನ್ನೊಂದು ಬಾಕಿ. ದೊಡ್ಡ ಲೀಗಿನಲ್ಲಿ ಸಾವಿರ ಆಡಿದವನಿಗೆ ಹೆಂಡತಿ ಮಕ್ಕಳ ಜೊತೆ ಐಸಿನ ನಡುವೆ ನಿಲ್ಲಿಸಿ ಬೆಳ್ಳಿಯ ಕೋಲು ಕೊಡುತ್ತಾರೆ. ನೆಸ್ಟರ್ ತನ್ನ ಕಾಲದಲ್ಲಿ ಸಣ್ಣ ಲೀಗುಗಳಲ್ಲಿ ಬಸ್ಸು ಸವೆಸಿ, ದೊಡ್ಡದರಲ್ಲಿ ಆಡಿದ್ದು ಬರೀ ಮೂವತ್ತೆಂಟು ಪಂದ್ಯ. "ಹನ್ನೊಂದೇ ಅಪ್ಪ," ಎಂದಿದ್ದ ಬೋಡಿ. "ನಾಳೆ ನನ್ನ ಹೊಗಳು ಅಂತ ಕೇಳ್ತಿಲ್ಲ. ಬಾಯಿ ಮುಚ್ಕೊಂಡು ಕೂತಿರು, ಅಷ್ಟು ಸಾಕು. ನೀನು ಜನ್ಮಪೂರ್ತಿ ಮಾಡಿರೋದು ಅದನ್ನೇ ತಾನೆ?" ಆಮೇಲೆ ನಕ್ಕಿದ್ದ. ನಕ್ಕ ಮೇಲೆ, ಎರಡು ನಿಮಿಷ ಮೊದಲು ಹೇಳಿದ್ದನ್ನೇ ಮೊದಲ ಸಲ ಹೇಳುವವನಂತೆ ಮತ್ತೆ ಹೇಳಿದ್ದ: "ಹನ್ನೊಂದೇ ಬಾಕಿ, ಗೊತ್ತಾ?"

ಜನವರಿಯಲ್ಲಿ ಅವನ ತಲೆಗೆ ಒಂದು ಹೊಡೆತ ಬಿದ್ದಿತ್ತು. ಪಕ್ ಹಿಂಬಾಲಿಸಿ ಮೂಲೆಗೆ ಹೋದವನನ್ನು ಹಿಂದಿನಿಂದ ಬಂದವನೊಬ್ಬ ಹಲಗೆಗೆ ಒತ್ತಿ ಅಪ್ಪಳಿಸಿದ. ಬೋಡಿ ಎದ್ದು ನಿಂತ, ತನ್ನವರದೆಂದುಕೊಂಡು ಎದುರಾಳಿಗಳ ಬೆಂಚಿನ ಕಡೆ ನಾಲ್ಕು ಹೆಜ್ಜೆ ಜಾರಿದ, ಯಾರೋ ತೋಳು ಹಿಡಿದು ತಿರುಗಿಸಿದರು. ಒಂದು ವಾರ ಬಿಟ್ಟು ಮತ್ತೆ ಆಡಿದ. ಮಾರ್ಚ್‌ನಲ್ಲಿ ಸೊಸೆ ಟೆಸ್ ಫೋನ್ ಮಾಡಿ ಅತ್ತಳು: ಈಜು ತರಗತಿಯಿಂದ ಮಗಳನ್ನು ಕರೆತರಲು ಹೋದವನು, ನಾಲ್ಕು ವರ್ಷದ ಹಿಂದೆ ಮಾರಿದ ಮನೆಗೆ ಹೋಗಿ, ಆ ಬಾಗಿಲಿಗೆ ಕೀಲಿ ಹಾಕಿ ತಿರುಗಿಸುತ್ತ ನಿಂತಿದ್ದನಂತೆ. ಒಳಗಿದ್ದವರು ಹೊರಬಂದು ಕೇಳಿದರೆ, ನೀವು ಯಾರು ನನ್ನ ಮನೆಯಲ್ಲಿ ಎಂದನಂತೆ.

ಇದನ್ನೆಲ್ಲ ನೆಸ್ಟರ್ ತಿಂಗಳುಗಟ್ಟಲೆ ಎದೆಯಲ್ಲಿಟ್ಟುಕೊಂಡು ತಿರುಗಿದ. ಬೆಂಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಂತೆ.

"ಬೋಡಿ ವಿಷಯದಲ್ಲಿ ಒಂದು ಕಾಣ್ತಿದೆ ನನಗೆ," ಎಂದಳು ಡೆನೀಸ್. ಪರದೆಯ ಮೇಲೆ ಆಟದ ತುಣುಕೊಂದು ಓಡಿತು. "ಪಕ್ ತರಕ್ಕೆ ಮೂಲೆಗೆ ಹೋಗುವಾಗ ಡಿಫೆನ್ಸ್‌ನವನು ಭುಜದ ಮೇಲಿಂದ ಹಿಂದೆ ನೋಡ್ಬೇಕು, ಅಲ್ವಾ? ಯಾರು ಬರ್ತಿದಾರೆ ಅಂತ. ಡಿಸೆಂಬರ್‌ವರೆಗೆ ಇವನು ಪ್ರತಿ ಸಲ ಎರಡು ಬಾರಿ ನೋಡ್ತಿದ್ದ. ಫೆಬ್ರವರಿಯಿಂದ ಒಂದೇ ಬಾರಿ. ಎಷ್ಟೋ ಸಲ ನೋಡೋದೇ ಇಲ್ಲ."

"ವಯಸ್ಸು ಕಣಮ್ಮ," ಎಂದ ವಿಕ್. "ಕುತ್ತಿಗೆ ಬಿಗಿಯುತ್ತೆ. ನನಗೀಗ ಗಾಡಿ ಹಿಂದಕ್ಕೆ ತಗೊಳ್ಳಕ್ಕೂ ಆಗಲ್ಲ. ನಾಲ್ಕು ವಾರ ನನ್ನ ಕೈಗೆ ಕೊಡು, ತಿದ್ದಿ ಕೊಡ್ತೀನಿ."

"ಹೊಡೆತದ ಮುಂಚೆ ಹಿಂಗಿರ್ಲಿಲ್ಲ. ಅದಾದ ಮೇಲೆ ಹಿಂಗಾಗಿದೆ."

"ವೈದ್ಯರ ಕಡತ ಏನನ್ನುತ್ತೆ?" ಎಂದ ಲಯನೆಲ್.

ಡೆನೀಸ್, ಬೋಡಿಯ ಏಜೆಂಟ್ ಕಳಿಸಿದ್ದ ಕಾಗದಗಳನ್ನು ತಿರುವಿದಳು. ಪ್ರತಿ ಸೆಪ್ಟೆಂಬರ್, ಆಟದ ಕಾಲ ಶುರುವಾಗುವ ಮುನ್ನ, ಆಟಗಾರರಿಗೆಲ್ಲ ತಲೆಯ ಪರೀಕ್ಷೆ ಮಾಡುತ್ತಾರೆ. ವೈದ್ಯರು ಹತ್ತು ಪದ ಓದುತ್ತಾರೆ, ಒಂದಷ್ಟು ಹೊತ್ತು ಬಿಟ್ಟು ಎಷ್ಟು ನೆನಪಿದೆ ಎಂದು ಕೇಳುತ್ತಾರೆ. ಮುಂದೆ ಯಾವಾಗಲಾದರೂ ತಲೆಗೆ ಪೆಟ್ಟು ಬಿದ್ದರೆ ಅದೇ ಪರೀಕ್ಷೆ ಮತ್ತೆ. ಎರಡರ ನಡುವಿನ ವ್ಯತ್ಯಾಸವೇ ಅಳತೆಗೋಲು.

"ಸೆಪ್ಟೆಂಬರ್‌ನಲ್ಲಿ ಹತ್ತರಲ್ಲಿ ಮೂರು ಪದ. ಜನವರಿ ಹೊಡೆತ ಆದ್ಮೇಲೂ ಮೂರು. ವ್ಯತ್ಯಾಸ ಇಲ್ಲ, ಆಡಬಹುದು ಅಂತ ಬರ್ದಿದಾರೆ." ಅವಳು ಹಾಳೆಯಿಂದ ತಲೆ ಎತ್ತಿದಳು. "ಆದ್ರೆ ಹಿಂದಿನ ವರ್ಷಗಳೂ ಇಲ್ಲಿವೆ. ಮೂರು, ಮೂರು, ಮೂರು, ನಾಲ್ಕು, ಮೂರು. ಆರೋಗ್ಯವಾಗಿರೋ ಗಂಡಸಿಗೆ ಹತ್ತು ಪದದಲ್ಲಿ ಮೂರೇ ನೆನಪಿರುತ್ತಾ?"

ವಿಕ್ ಗಹಗಹಿಸಿ ನಕ್ಕ. ಲಯನೆಲ್ ಕೂಡ ಬೀಜ ನುಂಗಿಕೊಂಡು ನಕ್ಕ. ಅವನೂ ಒಂದು ಕಾಲಕ್ಕೆ ಆಡಿದವನೇ.

"ಅಯ್ಯೋ ತಾಯಿ," ಎಂದ ವಿಕ್, ಕಣ್ಣೊರೆಸಿಕೊಳ್ಳುತ್ತ. "ಎಲ್ಲಾರೂ ಹಂಗೇ ಮಾಡೋದು. ಸೆಪ್ಟೆಂಬರ್‌ನಲ್ಲಿ ಪೆದ್ದನ ಥರ ಕೂತ್ಕೊಂಡು ಮೂರು ಹೇಳ್ಬೇಕು. ಆಮೇಲೆ ತಲೆ ಗಿರ್ರಂದಾಗ್ಲೂ ಮೂರು ಬರುತ್ತಲ್ಲ, ಡಾಕ್ಟ್ರು ಏನು ಹಿಡೀತಾನೆ? ನನ್ನ ಕಾಲದಲ್ಲೇ ಈ ಪರೀಕ್ಷೆ ಇದ್ದಿದ್ರೆ ನಾನು ನನ್ನ ಹೆಸರನ್ನೇ ತಪ್ಪು ಹೇಳ್ತಿದ್ದೆ."

ನಗು ಇಳಿದು ಹೋಯಿತು. ನೆಸ್ಟರ್ ನಗಲಿಲ್ಲ. ಅವನು ನಗದಿದ್ದುದನ್ನು ಯಾರೂ ಗಮನಿಸಲಿಲ್ಲ. ಅವನು ನಗುವುದೇ ಅಪರೂಪ.

ಹದಿನೈದು ವರ್ಷದ ಹಿಂದಿನ ಅಡುಗೆಮನೆಯೊಂದು ಅವನ ಕಣ್ಣಿಗೆ ಕಟ್ಟಿತು. ಬೋಡಿಗೆ ಹತ್ತೊಂಬತ್ತು, ಮೊದಲ ಸಲ ದೊಡ್ಡ ತಂಡದ ಶಿಬಿರಕ್ಕೆ ಹೊರಟಿದ್ದ. ತಾಯಿ ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ಬೇಯಿಸಿ, ಈರುಳ್ಳಿ ಹುರಿದು ಸುರಿದಿದ್ದಳು. ಹುಡುಗ ಹನ್ನೆರಡು ತಿಂದು ಹದಿಮೂರನೆಯದಕ್ಕೆ ಚಮಚ ಚಾಚಿದಾಗ ನೆಸ್ಟರ್ ಹೇಳಿದ: "ಪರೀಕ್ಷೆಲಿ ಹತ್ತೂ ಹೇಳ್ಬೇಡ. ಮೂರು ಹೇಳು. ಮೊದಲನೇದು, ನಡುವಿನದು ಒಂದು, ಕೊನೇದು. ಪ್ರತಿ ವರ್ಷ ಅಷ್ಟೇ ಹೇಳು." ಹುಡುಗನಿಗೆ ಅಚ್ಚರಿ. "ನನಗೆ ಹತ್ತೂ ನೆನಪಿರುತ್ತಲ್ಲ ಅಪ್ಪ." ಇರದೆ ಏನು! ಆರನೆಯ ವಯಸ್ಸಿಗೇ ಅಪ್ಪನ ಪಕ್ಕದಲ್ಲಿ ನಿಂತು, ಪುಸ್ತಕ ಮುಟ್ಟದೆ, ಇಡೀ ಕೀರ್ತನೆಯನ್ನು ಒಂದಕ್ಷರ ಬೀಳದಂತೆ ಹೇಳುತ್ತಿದ್ದ ಮಗು. ಮುದುಕಿಯರು ಅವನ ತಲೆ ಸವರಿ ಜೇಬಿಗೆ ಮಿಠಾಯಿ ತುಂಬುತ್ತಿದ್ದರು. "ನೆನಪಿದ್ರೆ ಏನು, ಬಾಯಿಗೆ ಬೀಗ ಹಾಕೋದು ಕಲಿ," ಎಂದು ನೆಸ್ಟರ್ ನಕ್ಕಿದ್ದ. ಮಗನ ಅನ್ನಕ್ಕೆ ದಾರಿ ಮಾಡಿಕೊಟ್ಟೆ ಎಂಬ ಹೆಮ್ಮೆಯೂ ಅಂದು ಇತ್ತು.

ಈ ಈಸ್ಟರ್‌ನಲ್ಲಿ ಬೋಡಿ ಊರಿಗೆ ಬಂದಿದ್ದ. ಚರ್ಚಿನಲ್ಲಿ ಅಪ್ಪನ ಪಕ್ಕ ನಿಂತು ಅದೇ ಕೀರ್ತನೆ ಎತ್ತಿಕೊಂಡ. ಅದರ ನಾಲ್ಕನೆಯ ಸಾಲಿಗೆ ಬಂದು ತಡವರಿಸಿ ನಿಂತ. ಜನ ಕಾದರು. ಮೇಣದ ಬತ್ತಿಯನ್ನು ನೋಡುತ್ತ ಬೋಡಿ ಬಾಯಿ ತೆರೆದ, ಮುಚ್ಚಿದ, ಮತ್ತೆ ಮೊದಲಿನಿಂದ ಶುರು ಮಾಡಿ ಮತ್ತೆ ನಾಲ್ಕನೆಯದರಲ್ಲೇ ನಿಂತ. ಉಳಿದದ್ದನ್ನು ನೆಸ್ಟರ್ ಒಬ್ಬನೇ ಹೇಳಿ ಮುಗಿಸಿದ.

"ಸರಿ," ಎಂದ ಲಯನೆಲ್. ಗಡಿಯಾರ ಒಂಬತ್ತೂವರೆ ದಾಟಿತ್ತು. "ಮೊದಲು ಕೊರ್ಪೆಲಾಗೆ ಫೋನ್. ಅವನು ಒಲ್ಲೆ ಅಂದ್ರೆ ಬೋಡಿ. ಕ್ವಿಲ್ಟಿ ಕೊನೆಗೆ. ನೆಸ್ಟರ್, ನೀನೇನಂತೀಯಾ? ಅಪ್ಪ ಅನ್ನೋದು ಮರೆತು ಹೇಳು."

ಕೆಳಗೆ ಬ್ಯಾಂಡು ನಿಂತಿತ್ತು. ನೆಸ್ಟರ್ ಮಂಡಿಯ ಮೇಲಿದ್ದ ತನ್ನ ಕೈಗಳನ್ನು ನೋಡಿದ. ಒಂದು ಮಾತು ಆಡಿದರೆ ಮಗನ ಹನ್ನೊಂದು ಪಂದ್ಯ ಹೋಯಿತು. ಆಡದಿದ್ದರೆ ಆ ಹನ್ನೊಂದರಲ್ಲಿ ಯಾವುದೋ ಒಂದರಲ್ಲಿ, ಹಿಂದೆ ತಿರುಗಿ ನೋಡದೆ ಮೂಲೆಗೆ ಹೋದ ಮಗ, ಏಳದೆ ಬಿದ್ದಿರುತ್ತಾನೆ.

"ಅವನನ್ನ ತಗೋಬೇಡಿ," ಎಂದ.

"ಯಾಕೆ?"

"ತಲೆ ಹೋಗಿದೆ. ಜನವರಿಯಿಂದ. ಆ ಕಾಗದದಲ್ಲಿರೋ ಮೂರು ಸುಳ್ಳು. ಅವನಿಗೆ ಅದನ್ನ ಹೇಳಿಕೊಟ್ಟವನು ನಾನು. ಹತ್ತೊಂಬತ್ತು ವರ್ಷದವನನ್ನ ಊಟಕ್ಕೆ ಕೂರಿಸಿ ಹೇಳಿಕೊಟ್ಟೆ." ಅಷ್ಟಕ್ಕೇ ಬಿಡಲಿಲ್ಲ. ಮಾರಿದ ಮನೆಯ ಬಾಗಿಲನ್ನೂ ಹೇಳಿದ, ಕೀರ್ತನೆಯನ್ನೂ ಹೇಳಿದ. ಇಪ್ಪತ್ತೆರಡು ವರ್ಷದಲ್ಲಿ ಆ ಕೋಣೆಯಲ್ಲಿ ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿರಲಿಲ್ಲ.

ವಿಕ್ ಕಾಲನ್ನು ಮೇಜಿನಿಂದ ಇಳಿಸಿದ. "ಲೇ ನೆಸ್ಟರ್," ಎಂದ ಮೆಲ್ಲಗೆ, "ಸಾವಿರಕ್ಕೆ ಹನ್ನೊಂದು ಕಣೋ. ಸ್ವಂತ ಮಗನ ತಟ್ಟೆಗೆ ಕೈ ಹಾಕಿ ಕಿತ್ಕೊಂಡ್ಯಲ್ಲೋ."

"ಹೌದು."

ಲಯನೆಲ್ ಹಲಗೆಯ ಕಡೆಯೂ ಗಡಿಯಾರದ ಕಡೆಯೂ ನೋಡಿದ. ಅವನ ಮುಖದಲ್ಲಿ ಕಂಡದ್ದು ಸಿಟ್ಟಲ್ಲ, ಮುಳುಗುವವನ ಲೆಕ್ಕ. "ನೋಡು, ಕಡತ ಚೊಕ್ಕವಾಗಿದೆ. ವೈದ್ಯರು ಸಹಿ ಹಾಕಿದಾರೆ. ನೀನು ಈಗ ಹೇಳಿದ್ದನ್ನ ಹೇಳೇ ಇಲ್ಲ ಅಂತ ಇಟ್ಕೊಳ್ಳೋಣ. ನಾನು ಕೇಳಿಸ್ಕೊಂಡಿಲ್ಲ. ವಿಕ್ ಕೇಳಿಸ್ಕೊಂಡಿಲ್ಲ."

"ನನಗೆ ಕೇಳಿಸಿತು," ಎಂದಳು ಡೆನೀಸ್.

ಲಯನೆಲ್ ಬೋಡಿಯ ಹೆಸರಿನ ಪಟ್ಟಿಯನ್ನು ಹಲಗೆಯಿಂದ ಕಿತ್ತು ಮೇಜಿನ ಡ್ರಾಯರಿಗೆ ಹಾಕಿ ದಬಕ್ಕನೆ ತಳ್ಳಿದ.

ಹತ್ತು ಹೊಡೆಯಿತು. ಆಮೇಲಿನ ಅರ್ಧ ಗಂಟೆ ಮನೆಗೆ ಬೆಂಕಿ ಬಿದ್ದವರ ಹಾಗೆ ಕಳೆಯಿತು. ಮೂರು ಫೋನುಗಳು ಒಟ್ಟಿಗೇ ಕೂಗಿದವು. ಕೊರ್ಪೆಲಾನ ಏಜೆಂಟ್ ನಾಲ್ಕನೆಯ ನಿಮಿಷಕ್ಕೇ, ಕ್ಷಮಿಸಿ, ಹುಡುಗ ಸಮುದ್ರದ ದಡಕ್ಕೇ ಹೋಗ್ತಾನೆ ಎಂದ. ಲಯನೆಲ್ ಎಂಟು ವರ್ಷ ಕೊಡ್ತೀನಿ ಎಂದ. ಆ ಕಡೆಯವನು ಆಗಲೇ ಫೋನ್ ಇಟ್ಟುಬಿಟ್ಟಿದ್ದ. ಕ್ವಿಲ್ಟಿಗೆ ನಾಲ್ಕು ವರ್ಷ ಕೊಡಲು ಒಪ್ಪಿ ಫೋನ್ ಮಾಡಿದರೆ, ಐದು ಕೊಡುವವರು ಆಗಲೇ ಸಿಕ್ಕಿದ್ದರು. "ಆರು!" ಎಂದು ಕೂಗಿದ ಲಯನೆಲ್. ಶಿಕ್ಷೆ ಪೆಟ್ಟಿಗೆಯ ಸಂಸಾರಿಗೆ ಆರು ವರ್ಷ! ವಿಕ್ ತಲೆಯ ಮೇಲೆ ಕೈ ಹೊತ್ತುಕೊಂಡ. ಆರಕ್ಕೂ ಅವನು ಬರಲಿಲ್ಲ.

ಹತ್ತೂ ಮೂವತ್ತೈದಕ್ಕೆ ಬಲಗಡೆಯ ಸಾಲಿನಲ್ಲಿ ಮಂಡಿ ಕೊಯ್ಯಿಸಿಕೊಂಡವನ ಹೆಸರೊಂದೇ ಇತ್ತು. ಲಯನೆಲ್ ಡ್ರಾಯರಿನ ಹಿಡಿಯ ಮೇಲೆ ಕೈ ಇಟ್ಟು ನಿಂತ. ಎಳೆಯಲೂ ಇಲ್ಲ, ಬಿಡಲೂ ಇಲ್ಲ.

ಅಷ್ಟರಲ್ಲಿ ಮೂಲೆಯ ಟಿವಿಯ ಅಡಿಪಟ್ಟಿಯಲ್ಲಿ ಸಾಲು ಓಡಿತು. ಬೋಡಿ ಪಿಡ್ಲುಬ್ನಿ, ಡಿಫೆನ್ಸ್, ಒಂದು ವರ್ಷ. ಮರುಭೂಮಿಯ ಕಡೆಯ ಊರೊಂದರ ಹೊಸ ತಂಡ. ಮಾತು ಮುಗಿದಿದೆ, ಸಹಿ ಸಂಜೆಯೊಳಗೆ.

ಲಯನೆಲ್ ಅದನ್ನು ಎರಡು ಸಲ ಓದಿದ. ಆಮೇಲೆ ನಕ್ಕ, ಕೇಳಲಾರದ ನಗು. "ನೋಡಿದ್ಯಾ? ನಿನ್ನ ಮಗ ಹೇಗೂ ಆಡ್ತಾನೆ. ನವೆಂಬರ್‌ನಲ್ಲಿ ಇಲ್ಲಿಗೇ ಬರ್ತಾನೆ, ನಮ್ಮ ವಿರುದ್ಧ. ನಿನ್ನ ಸತ್ಯದಿಂದ ಯಾರು ಉದ್ಧಾರ ಆದ್ರು ನೆಸ್ಟರ್? ನಾನಾ? ಅವನಾ?"

ನೆಸ್ಟರ್ ಎದ್ದ. ಮೆಟ್ಟಿಲಿಳಿದ. ಕೆಳಗೆ ಆಟದ ಅಂಗಳದ ಬಾಗಿಲು ತೆರೆದಿತ್ತು. ಬೇಸಿಗೆಯಲ್ಲಿ ಐಸ್ ಇರುವುದಿಲ್ಲ. ಬೂದು ಸಿಮೆಂಟಿನ ನೆಲ, ಸುತ್ತ ಬಿಳಿ ಹಲಗೆಗಳು, ಮೇಲೆ ಖಾಲಿ ಕುರ್ಚಿಗಳ ಸಾಲು. ಅವನು ಬಲಗಡೆಯ ಮೂಲೆಗೆ ನಡೆದು ಹಲಗೆಗೆ ಒರಗಿ ಫೋನ್ ಮಾಡಿದ. ಬೋಡಿ ಎರಡು ಗಂಟೆ ದೂರದ ಸರೋವರದ ಗುಡಿಸಲಿನಲ್ಲಿದ್ದ. ಹಿಂದೆ ಮಕ್ಕಳು ನೀರಿಗೆ ಹಾರುವ ಸದ್ದು.

"ಅಪ್ಪಾ! ನೋಡಿದ್ಯಾ? ಟಿವಿಲಿ ಬಂತಾ?"

"ಬಂತು."

"ನಿಮ್ಮವರು ಫೋನ್ ಮಾಡ್ತಾರೆ ಅಂತ ಹತ್ತರಿಂದ ಕಾಯ್ತಿದ್ದೆ. ಮನೆ ಹತ್ರ ಆಡ್ತೀನಿ ಅಂತ ಮಕ್ಕಳಿಗೂ ಹೇಳಿಬಿಟ್ಟಿದ್ದೆ. ಇರ್ಲಿ ಬಿಡು. ಲಯನೆಲ್‌ಗೆ ಏನಾಯ್ತಂತೆ?"

"ನಾನು ಬೇಡ ಅಂದೆ."

ನೀರಿನ ಸದ್ದು ದೂರವಾಯಿತು. ಬೋಡಿ ಒಳಗೆ ಹೋದನೆಂದು ಕಾಣುತ್ತದೆ. ಬಾಗಿಲು ಮುಚ್ಚಿದ ಸಪ್ಪಳ ಕೇಳಿತು.

"ಏನಂದೆ?"

"ಎಲ್ಲಾ ಹೇಳಿದೆ. ಪರೀಕ್ಷೆಯದು. ಆ ಮನೆಯದು. ಈಸ್ಟರ್‌ದು."

"ಬಾಯಿ ಮುಚ್ಕೊಂಡಿರು ಅಂದಿದ್ದೆ ನಾನು! ಒಂದು ದಿನ. ಒಂದೇ ಒಂದು ದಿನ ಕೇಳಿದ್ದು ನಿನ್ನ ಹತ್ರ." ಉಸಿರು ಏರಿಳಿಯುತ್ತಿತ್ತು. "ಈಗ ಅವರಿಗೂ ಫೋನ್ ಮಾಡಿ ಹೇಳ್ತೀಯಾ? ಮಾಡು. ನಂಬರ್ ಕೊಡ್ಲಾ? ಊರೂರಿಗೆಲ್ಲ ಡಂಗುರ ಹೊಡಿ, ನನ್ನ ಮಗ ಹುಚ್ಚ ಅಂತ."

"ಹಾಗನ್ಬೇಡ ಮಗ. ಸಹಿ ಹಾಕ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ. ಸಾವಿರ ಯಾಕೆ ಬೇಕು? ನನ್ನದು ಮೂವತ್ತೆಂಟೇ. ನಾನು ಬದುಕಿಲ್ವಾ?"

"ನೀನು ಮೂವತ್ತೆಂಟರಲ್ಲಿ ನಿಂತಿದ್ದಕ್ಕೇ ನನ್ನ ನಾಲ್ಕನೇ ವರ್ಷಕ್ಕೆ ಸ್ಕೇಟ್ಸ್ ಹಾಕಿ ನಿಲ್ಲಿಸಿದ್ದು ನೀನು."

ಒರಗಿದ್ದ ಹಲಗೆ ನೆಸ್ಟರ್‌ನ ಬೆನ್ನಿಗೆ ತಣ್ಣಗಿತ್ತು.

"ಹಾಗಾದ್ರೆ ನಗರಕ್ಕೆ ಹೋಗಿ ಒಬ್ಬ ತಲೆ ಡಾಕ್ಟರ್‌ಗೆ ತೋರಿಸು. ನಾನೂ ಬರ್ತೀನಿ. ಟೆಸ್ ಬರ್ತಾಳೆ. ಅವರು ಆಡು ಅಂದ್ರೆ ಆಡು, ನಾನು ಮತ್ತೆ ಉಸಿರೆತ್ತಲ್ಲ."

"ಅವರು ಬೇಡ ಅಂತಾರೆ. ನಿನಗೂ ಗೊತ್ತು, ನನಗೂ ಗೊತ್ತು. ಯಾಕೆ ಹೋಗ್ಲಿ?"

"ಗೊತ್ತಿದ್ದೂ..."

"ಗೊತ್ತಿದ್ದೂ. ಹನ್ನೊಂದು ಪಂದ್ಯ, ಅಪ್ಪ. ಅಕ್ಟೋಬರ್ ಮುಗಿಯೋದ್ರೊಳಗೆ ಆಗೋಗುತ್ತೆ. ಆಮೇಲೆ ನೀನು ಹೇಳಿದ ಕಡೆ ಬರ್ತೀನಿ."

ಇನ್ನಿಷ್ಟೇ ಪಂದ್ಯ ಎಂದವನು ಅಷ್ಟಾದ ಮೇಲೆ ನಿಲ್ಲಿಸಿದ್ದನ್ನು ನೆಸ್ಟರ್ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಆದರೂ ಅದನ್ನು ಹೇಳಲಿಲ್ಲ. ಬೇಡುವವನ ಜೋಳಿಗೆ ಕಿರಿದಾಗುತ್ತ ಬಂದಿತ್ತು. ದೊಡ್ಡದು ಕೇಳಿದ, ಅದಕ್ಕಿಂತ ಚಿಕ್ಕದು ಕೇಳಿದ. ಇನ್ನುಳಿದದ್ದು ಹಿಡಿಯಷ್ಟು.

"ಬೋಡಿ, ಒಂದೇ ಒಂದು ಕೇಳ್ತೀನಿ. ಇನ್ನೇನೂ ಕೇಳಲ್ಲ. ಯಾರಿಗೂ ಫೋನ್ ಮಾಡಲ್ಲ, ಆಣೆ. ಈ ಸೆಪ್ಟೆಂಬರ್‌ನಲ್ಲಿ ಅವರು ಆ ಹತ್ತು ಪದ ಓದ್ತಾರಲ್ಲ, ನಾನು ಹೇಳಿಕೊಟ್ಟಿದ್ದನ್ನ ಬಿಟ್ಟುಬಿಡು. ನಿಜವಾಗ್ಲೂ ನೆನಪಿಸ್ಕೊಳ್ಳಕ್ಕೆ ನೋಡು. ಹತ್ತನ್ನೂ. ಚಿಕ್ಕವನಿದ್ದಾಗ ಹೇಳ್ತಿದ್ಯಲ್ಲ, ಹಂಗೆ. ಅಷ್ಟು ಮಾಡ್ತೀಯಾ?"

ಫೋನ್ ಕಟ್ಟಾಯಿತೇನೋ ಎಂದು ನೆಸ್ಟರ್ ಕಿವಿಗೆ ಒತ್ತಿ ಹಿಡಿದ. ಉಸಿರು ಕೇಳುತ್ತಿತ್ತು.

"ನಿಜವಾಗ್ಲೂ ನೋಡಿ," ಎಂದ ಬೋಡಿ ಕೊನೆಗೆ. ಸಿಟ್ಟು ಇಳಿದು ಹೋಗಿ, ಆ ದನಿಯಲ್ಲಿ ಬರೀ ಭಯ ಉಳಿದಿತ್ತು. "ಪೂರ್ತಿ ಮನಸ್ಸಿಟ್ಟು ನೋಡಿ, ಆಗ್ಲೂ ಮೂರೇ ಬಂದ್ರೆ?"

ನೆಸ್ಟರ್ ಬಾಯಿ ತೆರೆದ.

"ಇಲ್ಲ ಅಪ್ಪ," ಎಂದ ಮಗ. "ಅದನ್ನ ಮಾತ್ರ ನಾನು ಮಾಡಲ್ಲ."